ದಂಡಿಗೆ ಸೇರುವ ಮುನ್ನ

ನಮ್ಮ ಗುಂಡ್ಲುಪೇಟೆಯ ಕಡೆ ಹಿರಿಯರು ಹುಡುಗನೊಬ್ಬನಿಗೆ "ಮಿಲಿಟರಿಗೆ ಸೇರಿಕೊ" ಎಂದು ಹೇಳುವ ಸಂದರ್ಭಗಳು ಎರಡೇ. ಅವನು ಆಳೆತ್ತರಕ್ಕೆ ಬೆಳೆದು ನಿಂತಿರಬೇಕು, ಇಲ್ಲವೇ ಪರೀಕ್ಷೆಯಲ್ಲಿ ನಪಾಸಾಗಿರಬೇಕು. ನಾನು ಸಾಧಾರಣ ಎತ್ತರದವನು, ಇದುವರೆಗೆ ನಪಾಸಾಗಿಲ್ಲ. ಆದ್ದರಿಂದ ನನಗೆ ಆ ಸಲಹೆ ಕೊಟ್ಟವರಿಲ್ಲ. ಆದರೂ ಅಂತಿಮ ಬಿ.ಎ. ತರಗತಿಗೆ ಬಂದ ಮೇಲೆ ಆ ಯೋಚನೆ ನನ್ನನ್ನು ಬಿಟ್ಟಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಎರಡೆಕರೆ ಹೊಲದಲ್ಲಿ ಅರಿಸಿನವನ್ನೋ ಚೆಂಡುಹೂವನ್ನೋ ಬೆಳೆದು ನಮ್ಮ ತಂದೆಯವರು ನನ್ನನ್ನೂ, ದ್ವಿತೀಯ ಪಿ.ಯು.ಸಿ.ಯಲ್ಲಿರುವ ತಮ್ಮನನ್ನೂ ಓದಿಸುತ್ತಿದ್ದಾರೆ. ತಮ್ಮನಿಗೂ ದಂಡಿನ ಆಸೆ. ಹೀಗಾಗಿ ಒಂದೇ ಪ್ರಶ್ನೆ ಒಂದೇ ಮನೆಯಲ್ಲಿ ಇಬ್ಬರ ಮುಂದೆ ನಿಂತಿದೆ. ಕೇಳಿ, ಓದಿ, ನಾನು ತಿಳಿದುಕೊಂಡುದನ್ನು ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಮೈಸೂರಿನಾಚೆಯ ಕೊಡಗಿನಲ್ಲಿ ಈ ಲೇಖನದ ಅಗತ್ಯವಿರಲಾರದು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇವರಿಬ್ಬರನ್ನೂ ಕೊಟ್ಟ ನಾಡು ಅದು. ಅಲ್ಲಿ ಹುಡುಗನಿಗೆ ದಾರಿ ಹೇಳಲು ನೆಂಟರಲ್ಲೇ ಒಬ್ಬರು ಸಿಗುತ್ತಾರೆ. ನಮ್ಮ ಸೀಮೆಗೂ ಸೈನ್ಯಕ್ಕೂ ಸಂಬಂಧವೇ ಇಲ್ಲವೆಂದು ಇದರ ಅರ್ಥವಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕುದುರೆ ದಂಡಿನಲ್ಲಿ ಜೋಧಪುರದವರ ಜೊತೆಗೆ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಇದ್ದರು. ಈಗ ಮದ್ರಾಸ್ ರೆಜಿಮೆಂಟಿನ ಕೇಂದ್ರವಿರುವುದು ನೀಲಗಿರಿಯ ವೆಲಿಂಗ್ಟನ್ನಿನಲ್ಲಿ. ನಮ್ಮೂರಿನ ತರಕಾರಿ ಹೊತ್ತ ಲಾರಿಗಳು ಬಂಡೀಪುರದ ಕಾಡು ದಾಟಿ ಉದಕಮಂಡಲಕ್ಕೆ ಹೋಗುತ್ತವಲ್ಲ, ಅಲ್ಲಿಂದ ಕೂನೂರಿನ ದಾರಿ ಹಿಡಿದರೆ ಅದು ಸಿಗುತ್ತದೆ. ದಕ್ಷಿಣದ ನಾಲ್ಕು ಭಾಷೆಯ ಹುಡುಗರೂ ಇರುವ ರೆಜಿಮೆಂಟು ಅದು. ಇಷ್ಟು ಹತ್ತಿರವಿದ್ದರೂ ಅಲ್ಲಿಗೆ ಹೋಗುವ ಬಗೆ ನಮ್ಮಲ್ಲಿ ಅನೇಕರಿಗೆ ತಿಳಿಯದು.

ಮೊದಲು ತಿಳಿಯಬೇಕಾದ ಸಂಗತಿಯೆಂದರೆ ಸೈನ್ಯಕ್ಕೆ ಬಾಗಿಲು ಒಂದಲ್ಲ, ಎರಡು. ಸಿಪಾಯಿಯ ಬಾಗಿಲು ಹತ್ತನೆಯ ತರಗತಿ ಮುಗಿಸಿದವನಿಗೆ ತೆರೆದು, ಬಿ.ಎ. ಮುಗಿಯುವ ಹೊತ್ತಿಗೆ ಮುಚ್ಚತೊಡಗುತ್ತದೆ. ಪದವೀಧರನಿಗೆ ಅಧಿಕಾರಿಯ ಬಾಗಿಲು ತೆರೆಯುವುದು ಅದೇ ಹೊತ್ತಿನಲ್ಲಿ. ಎರಡೂ ಒಂದೇ ಎಂದು ಭಾವಿಸಿ, ಪದವಿ ಮುಗಿಸಿ ಸಿಪಾಯಿಯ ಬಾಗಿಲಿಗೆ ಹೋಗಿ ವಯಸ್ಸು ಮೀರಿತೆಂದು ಹಿಂತಿರುಗಿದವರನ್ನು ನಾನು ಕಂಡಿದ್ದೇನೆ.

ಸಿಪಾಯಿಯ ಬಾಗಿಲಿಗೆ 2022ರ ಜೂನ್ ತಿಂಗಳಿನಿಂದ ಅಗ್ನಿಪಥವೆಂದು ಹೆಸರು. ಯೋಜನೆ ಬಂದಾಗ ವಯಸ್ಸನ್ನು ಹದಿನೇಳೂವರೆಯಿಂದ 21 ಎಂದು ಗೊತ್ತುಮಾಡಿದರು. ಆಯಾ ವರ್ಷದ ಪ್ರಕಟಣೆಯನ್ನು ನೋಡಿ ಇದನ್ನು ಖಚಿತಪಡಿಸಿಕೊಳ್ಳಬೇಕು. ಮೊದಲು ಗಣಕಯಂತ್ರದ ಮುಂದೆ ಕುಳಿತು ಲಿಖಿತ ಪರೀಕ್ಷೆ. 2025ರ ನೇಮಕದಿಂದ ಅದನ್ನು ಕನ್ನಡದಲ್ಲಿಯೂ ಬರೆಯಬಹುದು. ಅನಂತರ ಓಟ. 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದವನಿಗೆ ಪೂರ್ಣ 60 ಅಂಕ, ಕಂಬಿ ಹಿಡಿದು ಹತ್ತು ಸಲ ಮೈಯೆತ್ತಿದವನಿಗೆ 40. ಒಂಬತ್ತು ಅಡಿಯ ಹಳ್ಳವನ್ನು ಹಾರಬೇಕು. ಕೊನೆಯದು ವೈದ್ಯರ ತಪಾಸಣೆ. ಇದರಲ್ಲಿ ಯಾವ ಹಂತಕ್ಕೂ ದಲ್ಲಾಳಿಯ ಅಗತ್ಯವಿಲ್ಲ. ಹಣ ಕೇಳಿದವನನ್ನು ಅಲ್ಲಿಗೇ ಬಿಡುವುದು ಒಳ್ಳೆಯದು.

ಆಯ್ಕೆಯಾದವನ ಸೇವೆ ನಾಲ್ಕು ವರ್ಷ. ಯೋಜನೆಯಲ್ಲಿ ಹೇಳಿರುವಂತೆ ತಿಂಗಳಿಗೆ ಮೊದಲ ವರ್ಷ 30,000 ರೂಪಾಯಿ, ನಾಲ್ಕನೆಯ ವರ್ಷ 40,000. ಇದರಲ್ಲಿ ನೂರಕ್ಕೆ ಮೂವತ್ತನ್ನು ಹಿಡಿದಿಟ್ಟು, ಸರ್ಕಾರ ಅಷ್ಟೇ ಹಣ ಸೇರಿಸಿ, ಬಡ್ಡಿಸಹಿತ ಕೊನೆಯಲ್ಲಿ ಸುಮಾರು 11.71 ಲಕ್ಷ ಕೊಡುತ್ತಾರೆ. ಈ ಮೊತ್ತವನ್ನು ನಮ್ಮೂರಿನ ಚಹದಂಗಡಿಯಲ್ಲಿ ಬಹುಮಾನವೆಂಬಂತೆ ಹೇಳುತ್ತಾರೆ. ನಾನು ಕಾಗದದ ಮೇಲೆ ಕೂಡಿ ನೋಡಿದೆ. ಅದರಲ್ಲಿ 5 ಲಕ್ಷಕ್ಕೂ ಮೀರಿ ಆ ಹುಡುಗನ ಸಂಬಳದಿಂದಲೇ ಮುರಿದದ್ದು. ಮೊದಲ ವರ್ಷ ಅವನ ಕೈಗೆ ಬರುವುದು 21,000. ನಾಲ್ಕು ವರ್ಷದ ಕೊನೆಗೆ ನೂರಕ್ಕೆ ಇಪ್ಪತ್ತೈದರ ವರೆಗೆ ಮಾತ್ರ ಖಾಯಂ ಸೇವೆಗೆ ತೆಗೆದುಕೊಳ್ಳುತ್ತಾರೆ. ಉಳಿದವರಿಗೆ ಪಿಂಚಣಿಯಿಲ್ಲ. ಹಿಂದೆ ಸೇರಿದ ಸಿಪಾಯಿಗಾದರೋ ಹದಿನೈದು ವರ್ಷದ ಸೇವೆಗೆ ಆಜೀವ ಪಿಂಚಣಿಯಿತ್ತು.

ನಮ್ಮ ಮನೆಯ ಚರ್ಚೆ ನಿಲ್ಲುವುದು ಇಲ್ಲಿಯೇ. "ಮೊದಲ ತಿಂಗಳಿಂದ್ಲೇ ಸಂಬಳ ಬತ್ತದ, ಊಟ ಬಟ್ಟೆ ಅವರ್ದೇ, ಇನ್ನೇನ್ಲಾ ಬೇಕು?" ಎಂಬುದು ತಂದೆಯವರ ಮಾತು. ಅರಿಸಿನದ ಬೆಲೆ ಬಿದ್ದ ವರ್ಷ ಸಾಲ ಮಾಡಿದವರು ಹಾಗೆ ಹೇಳುವುದು ನ್ಯಾಯವೇ. ನನ್ನ ಹೆದರಿಕೆ ಬೇರೆ. ಹದಿನೆಂಟಕ್ಕೆ ಹೋದ ತಮ್ಮ ಇಪ್ಪತ್ತೆರಡಕ್ಕೆ ಮರಳಿದರೆ ಕೈಯಲ್ಲಿ ಹಣವಿರುತ್ತದೆ, ಪದವಿಯಿರುವುದಿಲ್ಲ. ಆ ಹಣ ಒಂದು ಮದುವೆಗೂ ಒಂದು ಕೊಳವೆಬಾವಿಗೂ ಎಷ್ಟು ಬೇಗ ಕರಗುತ್ತದೆಂಬುದು ನಮ್ಮ ತಾಲ್ಲೂಕಿನವರಿಗೆ ಹೇಳಬೇಕಾಗಿಲ್ಲ. ಸೇವೆಯಲ್ಲಿದ್ದುಕೊಂಡೇ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಪದವಿ ಪಡೆಯುವ ಏರ್ಪಾಡನ್ನು ಅಗ್ನಿವೀರರಿಗಾಗಿಯೇ ಮಾಡಿದ್ದಾರೆ, ತರಬೇತಿಗೇ ಅರ್ಧದಷ್ಟು ಅಂಕ ಸಲ್ಲುತ್ತದೆ. ಇದನ್ನು ಮೊದಲ ವರ್ಷವೇ ಹಿಡಿದರೆ ಮಾತ್ರ ಹೋಗು ಎಂದು ತಮ್ಮನಿಗೆ ಹೇಳಿದ್ದೇನೆ. ಪಿ.ಯು.ಸಿ.ಯವರಿಗೆ ಎನ್.ಡಿ.ಎ. ಪರೀಕ್ಷೆಯೂ ಉಂಟು; ಕಲಾ ವಿಭಾಗದವರು ಅದರ ಮೂಲಕ ಭೂಸೈನ್ಯದ ಅಧಿಕಾರಿಯಾಗಬಹುದು.

ಇನ್ನು ಪದವೀಧರನ ಬಾಗಿಲು. ಕೇಂದ್ರ ಲೋಕಸೇವಾ ಆಯೋಗವು ವರ್ಷಕ್ಕೆರಡು ಬಾರಿ ಸಿ.ಡಿ.ಎಸ್. ಎಂಬ ಪರೀಕ್ಷೆ ನಡೆಸುತ್ತದೆ. ಅಂತಿಮ ವರ್ಷದಲ್ಲಿರುವವರೂ ಅರ್ಜಿ ಹಾಕಬಹುದು. ಡೆಹರಾಡೂನಿನ ಅಕಾಡೆಮಿಗೂ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಗೂ ಬಿ.ಎ. ಸಾಕು, ನೌಕಾಪಡೆಗೆ ಇಂಜಿನಿಯರಿಂಗ್ ಬೇಕು. ಗಣಿತವೆಂದರೆ ದೂರ ಸರಿಯುವ ನಮ್ಮ ಕಲಾ ವಿಭಾಗದವರಿಗೆ ಒಂದು ಸಮಾಧಾನವೆಂದರೆ ಚೆನ್ನೈಗೆ ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ ಇವೆರಡೇ ಪತ್ರಿಕೆಗಳು. ಅಲ್ಲಿ ಹೆಣ್ಣುಮಕ್ಕಳಿಗೂ ಪ್ರವೇಶವಿದೆ. ಲೆಫ್ಟಿನೆಂಟನ ಮೂಲವೇತನ 56,100ರಿಂದ ಆರಂಭ. ಎನ್.ಸಿ.ಸಿ.ಯಲ್ಲಿ 'ಸಿ' ಪ್ರಮಾಣಪತ್ರವನ್ನು ಕನಿಷ್ಠ ಬಿ ದರ್ಜೆಯಲ್ಲಿ ಪಡೆದು, ಪದವಿಯಲ್ಲಿ ನೂರಕ್ಕೆ ಐವತ್ತು ಅಂಕ ಗಳಿಸಿದವರಿಗೆ ಲಿಖಿತ ಪರೀಕ್ಷೆಯೇ ಇಲ್ಲದ ವಿಶೇಷ ಪ್ರವೇಶವೂ ಇದೆ. ಪ್ರಥಮ ವರ್ಷದ ಗೆಳೆಯರು ಇದನ್ನು ಗಮನಿಸಬೇಕು. ಖಾಕಿ ಸಮವಸ್ತ್ರ ಕೇವಲ ಗಣರಾಜ್ಯೋತ್ಸವದ ಮೆರವಣಿಗೆಗಲ್ಲ.

ಕಷ್ಟವಿರುವುದು ಭಾಷೆಯಲ್ಲಿ. ಸಿಪಾಯಿಯ ಪರೀಕ್ಷೆಗೆ ಬಂದ ಕನ್ನಡ ಅಧಿಕಾರಿಯ ಪರೀಕ್ಷೆಗೆ ಬಂದಿಲ್ಲ. ಲಿಖಿತದಲ್ಲಿ ಗೆದ್ದವರನ್ನು ಐದು ದಿನ ಇರಿಸಿಕೊಂಡು ಪರೀಕ್ಷಿಸುತ್ತಾರೆ: ಚಿತ್ರ ನೋಡಿ ಕಥೆ ಬರೆಯುವುದು, ಗುಂಪಿನಲ್ಲಿ ಚರ್ಚಿಸುವುದು, ಹಗ್ಗ ಹಲಗೆಗಳಿಂದ ಅಡ್ಡಿ ದಾಟುವುದು, ಸಂದರ್ಶನ. ಕನ್ನಡ ಮಾಧ್ಯಮದಲ್ಲಿ ಓದಿದವನು ಅಲ್ಲಿ ಧೈರ್ಯಗೆಡುವುದು ಬುದ್ಧಿ ಸಾಲದೆ ಅಲ್ಲ, ಬಾಯಿ ಬಾರದೆ. ಚಾಮರಾಜನಗರಕ್ಕೆ ಬಸ್ಸಿನಲ್ಲಿ ಬರುವಾಗ ನಾವಿಬ್ಬರು ಗೆಳೆಯರು ಇಂಗ್ಲಿಷಿನಲ್ಲಿಯೇ ಮಾತನಾಡುವ ನಿಯಮ ಮಾಡಿಕೊಂಡಿದ್ದೇವೆ. ಸಹಪ್ರಯಾಣಿಕರು ನಗುತ್ತಾರೆ. ನಗಲಿ.

ಸೇರಿದ ಮೇಲಿನ ಬದುಕು ಹೇಗೆ? ಸಿನಿಮಾದಲ್ಲಿ ಕಾಣುವುದು ಗುಂಡಿನ ಸದ್ದು. ನಮ್ಮ ಊರಿನ ನಿವೃತ್ತ ಹವಾಲ್ದಾರರೊಬ್ಬರು ಹೇಳುವುದು ಹೊದಿಕೆ ಮಡಿಸುವ ಕೆಲಸ. ಸೂರ್ಯ ಹುಟ್ಟುವ ಮುನ್ನ ಏಳುವುದು, ಗಡ್ಡ ಹೆರೆದು ಬೂಟು ಉಜ್ಜಿ ಸಾಲಿನಲ್ಲಿ ನಿಲ್ಲುವುದು, ಓಟ, ಕವಾಯತು, ಬಂದೂಕು ಬಿಚ್ಚಿ ಒರೆಸಿ ಜೋಡಿಸುವುದು, ಸಂಜೆ ಆಟ, ರಾತ್ರಿ ಹಾಜರಿ, ಸರದಿಯ ಪಹರೆ. ಲಂಗರಿನಲ್ಲಿ ರೊಟ್ಟಿ, ಬೇಳೆ. "ಮುದ್ದೆ ಮರೆಯೋಕೆ ಒಂದು ವರ್ಷ ಬೇಕಾಯ್ತು ಕನಪ್ಪ, ಹಿಂದಿ ಕಲಿಯೋಕೆ ಆರೇ ತಿಂಗಳು" ಎಂದರು. ಹತ್ತು ಜನರ ಸೆಕ್ಷನ್ನಿನಲ್ಲಿ ಯಾವ ಜಾತಿಯವನು ಎಂದು ಕೇಳದೆ ಒಂದೇ ಪಾತ್ರೆಯಿಂದ ಬಡಿಸಿಕೊಂಡದ್ದನ್ನು ಅವರು ಸಂಬಳಕ್ಕಿಂತ ದೊಡ್ಡದಾಗಿ ನೆನೆಯುತ್ತಾರೆ. ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಅದರ ತೂಕ ತಿಳಿದೀತು. ವಿಳಾಸ '56 ಎ.ಪಿ.ಓ.' ಎಂದಿರುತ್ತದೆ, ಕಾಗದ ತಲುಪುತ್ತದೆ, ಮಗ ಎಲ್ಲಿದ್ದಾನೆಂದು ಮನೆಯವರಿಗೆ ತಿಳಿಯುವುದಿಲ್ಲ. ಅಗ್ನಿವೀರನಿಗೆ ವರ್ಷಕ್ಕೆ ರಜೆ ಮೂವತ್ತು ದಿನ, ನಾಲ್ಕು ವರ್ಷ ಮುಗಿಯುವವರೆಗೆ ಮದುವೆಯಾಗುವಂತಿಲ್ಲ. ಮಹದೇಶ್ವರನ ಜಾತ್ರೆಯೂ ಅಕ್ಕನ ಮದುವೆಯೂ ಆ ಮೂವತ್ತರೊಳಗೇ ಬರಬೇಕು.

ಸಾವಿನ ಮಾತನ್ನು ಬಿಟ್ಟು ಈ ವಿಷಯ ಬರೆಯಲಾಗದು. 2016ರ ಫೆಬ್ರುವರಿ 3ರಂದು ಸಿಯಾಚಿನ್ ಹಿಮದಲ್ಲಿ, ಹತ್ತೊಂಬತ್ತು ಸಾವಿರ ಅಡಿಗೂ ಎತ್ತರದಲ್ಲಿ, 19ನೆಯ ಮದ್ರಾಸ್ ಬೆಟಾಲಿಯನ್ನಿನ ಹತ್ತು ಮಂದಿ ಹಿಮದಡಿ ಸಿಕ್ಕಿಬಿದ್ದರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಬಳಿಕ ಜೀವಸಹಿತ ಸಿಕ್ಕಿ, 11ರಂದು ದೆಹಲಿಯಲ್ಲಿ ತೀರಿಕೊಂಡರು. ಆ ಹತ್ತರಲ್ಲಿ ಎಚ್.ಡಿ. ಕೋಟೆಯ ಪಿ.ಎನ್. ಮಹೇಶ ಎಂಬವರೂ ಇದ್ದರು. ಅವರನ್ನು ಕೊಂದದ್ದು ಶತ್ರುವಿನ ಗುಂಡಲ್ಲ, ಹಿಮ. 2019ರ ಫೆಬ್ರುವರಿ 14ರಂದು ಪುಲ್ವಾಮದಲ್ಲಿ ಮಡಿದ ಮಂಡ್ಯ ಜಿಲ್ಲೆಯ ಗುಡಿಗೆರೆಯ ಎಚ್. ಗುರು ಅವರ ಅಂತ್ಯಕ್ರಿಯೆಯನ್ನು ನಮ್ಮ ಅವ್ವ ಟಿ.ವಿ.ಯಲ್ಲಿ ನೋಡಿದ್ದಾಳೆ. ಅವರು ಸೈನ್ಯದವರಲ್ಲ, ಗೃಹ ಇಲಾಖೆಗೆ ಸೇರಿದ ಸಿ.ಆರ್.ಪಿ.ಎಫ್.ನವರು; ಅಲ್ಲಿ ನೇಮಕ ಬೇರೆ, ಅರುವತ್ತು ವರ್ಷದವರೆಗೂ ಸೇವೆ. ಈ ವ್ಯತ್ಯಾಸವನ್ನು ಅವ್ವನಿಗೆ ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಎರಡೂ ಪೆಟ್ಟಿಗೇಲೆ ಬತ್ತವಲ್ಲಪ್ಪ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಇಷ್ಟೆಲ್ಲ ತೂಗಿ ನೋಡಿ ನಾನು ಚೆನ್ನೈ ಅಕಾಡೆಮಿಗೆ ಪರೀಕ್ಷೆ ಬರೆಯುವುದೆಂದು ನಿಶ್ಚಯಿಸಿದ್ದೇನೆ. ಆಯ್ಕೆಯಾದರೆ ಮೊದಲು ಹತ್ತು ವರ್ಷದ ಸೇವೆ, ಬೇಕಾದರೆ ಇನ್ನೂ ನಾಲ್ಕು. ಆಗದಿದ್ದರೆ ಬಿ.ಎ. ಕೈಯಲ್ಲೇ ಇರುತ್ತದೆ, ಬಿ.ಎಡ್. ಓದಬಹುದು. ತಮ್ಮನ ವಿಷಯ ತಂದೆಯವರಿಗೂ ನನಗೂ ಇನ್ನೂ ಇತ್ಯರ್ಥವಾಗಿಲ್ಲ. ಓಟಕ್ಕೆ ಬೆವರು ಸುರಿಸುವ ಮುನ್ನ ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣು, ಕಿವಿ, ಹಲ್ಲುಗಳನ್ನು ತೋರಿಸು, ಬಣ್ಣಗುರುಡಿದೆಯೇ, ಪಾದ ಚಪ್ಪಟೆಯೇ, ನಿಂತಾಗ ಮೊಣಕಾಲುಗಳು ತಾಗುತ್ತವೆಯೇ ಕೇಳಿಕೊ ಎಂದು ಅವನಿಗೆ ಹೇಳಿದ್ದೇನೆ. ಮುಂದಿನ ಸೋಮವಾರ ಇಬ್ಬರೂ ಹೋಗುವವರಿದ್ದೇವೆ.