ಬಳ್ಳಾರಿ ಜಾಲಿ: ಒಲೆಗೆ ಹಾಕೋ ಮುಂಚೆ ಒಮ್ಮೆ ಕೊಯ್ದು ನೋಡಿ

ಭಂಕೂರ, ಶಹಾಬಾದ್, ವಾಡಿ ಕಡೆ ಹೊಲದ ಬದು, ಹಳ್ಳದ ದಂಡೆ, ಬೀಳು ಭೂಮಿ ಎಲ್ಲಿ ನೋಡಿದ್ರೂ ಬಳ್ಳಾರಿ ಜಾಲಿ. ಕಡಿದು ಒಲೆಗೆ ಹಾಕ್ತೀವಿ, ಇಲ್ಲಾ ಇದ್ದಿಲು ಸುಡೋರಿಗೆ ಕೊಡ್ತೀವಿ. ಸಣ್ಣ ಕೊಂಬೆಗೆ ಅದು ಸರಿ. ದಪ್ಪ ಬೊಡ್ಡೆಯನ್ನೂ ಹಾಗೇ ಕೊಟ್ರೆ ನಷ್ಟ ನಮಗೇ.

ಇಟಲಿ, ಸ್ಪೇನ್ ಕಡೆಯ ಆಲಿವ್ ಮರವೂ ಗಿಡ್ಡ, ಸೊಟ್ಟ, ಗಂಟುಗಂಟು. ಉದ್ದ ಹಲಗೆ ಬರೋದಿಲ್ಲ. ಆದ್ರೂ ಅದರ ಗಟ್ಟಿ ಕಟ್ಟಿಗೆಯಲ್ಲಿ ಸೌಟು, ಬಟ್ಟಲು, ತರಕಾರಿ ಹೆಚ್ಚೋ ಮಣೆ ಮಾಡಿ ಮಾರ್ತಾರೆ. ನಮ್ಮ ಜಾಲಿಗೂ ಅದೇ ದಾರಿ: ಸಣ್ಣ ಸಾಮಾನು, ಗಟ್ಟಿ ಸಾಮಾನು.

ಕಟ್ಟಿಗೆಯ ಗುಣ

ಹೊರಗಿನ ಹಳದಿ ಭಾಗಕ್ಕೆ ಬೇಗ ಹುಳ ಬೀಳುತ್ತೆ, ಹಿಟ್ಟು ಉದುರುತ್ತೆ. ಒಳಗಿನ ಕೆಂಪು-ಕಂದು ಚೇಗು ಗಟ್ಟಿ, ಭಾರ, ಬಾಳಿಕೆಯದು. ಒಣಗುವಾಗ ಕುಗ್ಗೋದು ಕಡಿಮೆ, ಹಾಗಾಗಿ ಸೊಟ್ಟಾಗೋದೂ ಕಡಿಮೆ. ಇದೇ ಇದರ ದೊಡ್ಡ ಗುಣ. ಕೊಡಲಿ-ಸಲಿಕೆ ಕಾವು, ದನದ ಗೂಟ, ಬೇಲಿ ಕಂಬ, ಲಟ್ಟಣಿಗೆ, ಸಣ್ಣ ಸ್ಟೂಲ್ ಎಲ್ಲಕ್ಕೂ ಆಗುತ್ತೆ. ಕಾವಿಗೆ ಮಾತ್ರ ಗಂಟಿಲ್ಲದ, ನೇರ ಎಳೆಯ ತುಂಡನ್ನೇ ಆರಿಸಿ.

ಕೊಯ್ದು ಒಣಗಿಸೋದು ಹೀಗೆ

1. ಸುಮಾರು 8 ಇಂಚು ಅಡ್ಡಗಲದ, ಆದಷ್ಟು ನೇರ ಬೊಡ್ಡೆ ಆರಿಸಿ. 3–4 ಅಡಿ ತುಂಡು ಸಾಕು.
2. ಹಸಿ ಇದ್ದಾಗಲೇ ಕೊಯ್ಸಿ. ಒಣಗಿದ ಮೇಲೆ ಗರಗಸದ ಹಲ್ಲು ಬೇಗ ಮೊಂಡಾಗುತ್ತೆ.
3. ತೊಗಟೆ ತೆಗೀರಿ. ಎರಡೂ ತುದಿಗೆ ಹಳೇ ಪೇಂಟ್ ಬಳೀರಿ, ಸೀಳು ಕಡಿಮೆ ಆಗುತ್ತೆ.
4. ನೆರಳಲ್ಲಿ, ನೆಲದಿಂದ ಮೇಲೆ, ಹಲಗೆಗಳ ನಡುವೆ ಪಟ್ಟಿ ಇಟ್ಟು ಒಟ್ಟಿ. ನಮ್ಮ ಬೇಸಿಗೆ ಬಿಸಿಲಿಗೆ ನೇರ ಇಟ್ರೆ ಸೀಳುತ್ತೆ.
5. ಒಂದು ಹಲಗೆಯನ್ನು 15 ದಿನಕ್ಕೊಮ್ಮೆ ತೂಗಿ, ಮೊಬೈಲ್‌ನಲ್ಲಿ ಬರೆದಿಡಿ. ತೂಕ ಇಳಿಯೋದು ನಿಂತ್ರೆ ಒಣಗಿದೆ ಅಂತ ಅರ್ಥ. ಇದಕ್ಕೆ ತಿಂಗಳುಗಟ್ಟಲೆ ಬೇಕು, ಅವಸರ ಬೇಡ.

ಮುಳ್ಳು ಚುಚ್ಚಿದ ಗಾಯ ಕೀವಾಗುತ್ತೆ. ದಪ್ಪ ಬೂಟು, ಕೈಗವಸು, ಕನ್ನಡಕ ಇಲ್ಲದೆ ಇಳೀಬೇಡಿ.

ಹಾಗಂತ ಬೆಳೆಸಬೇಡಿ

ಈ ಗಿಡ ನಮ್ಮದಲ್ಲ, ಮೂಲ ಅಮೆರಿಕ ಖಂಡದ್ದು. ಭಾರತಕ್ಕೆ ಬಂದದ್ದು 1870ರ ದಶಕದಲ್ಲಿ. ದನ, ಕುರಿ ಕಾಯಿ ತಿಂದು ಸಗಣಿ, ಹಿಕ್ಕೆಯಲ್ಲಿ ಬೀಜ ಹರಡುತ್ತವೆ. ನೆಲಮಟ್ಟಕ್ಕೆ ಕಡಿದ್ರೆ ಮತ್ತೆ ನಾಲ್ಕು ಕಡೆ ಚಿಗುರುತ್ತೆ. ಹೊಲ ಖಾಲಿ ಆಗಬೇಕಂದ್ರೆ ಒಂದು ಅಡಿ ಆಳ ಅಗೆದು ಬುಡವನ್ನೇ ತೆಗೀರಿ. ಕಟ್ಟಿಗೆಯ ಹಣ ಆ ಖರ್ಚಿಗೆ ಆಸರೆ ಆದ್ರೆ ಅದೇ ಲಾಭ.

ನಿಮ್ಮ ಹೊಲದ ಗಿಡ ಮಾತ್ರ ಕಡೀರಿ. ಸರ್ಕಾರಿ ಜಾಗದ್ದು ಮುಟ್ಟಬೇಡಿ. ಕಟ್ಟಿಗೆ ಸಾಗಿಸೋ ಮುಂಚೆ ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳಿ.

ಮೊದಲು ಒಂದೇ ಬೊಡ್ಡೆ ಕೊಯ್ಸಿ, ಊರಿನ ಬಡಿಗೇರ ಕಾಕಾನ ಕೈಲಿ ಎರಡು ಕಾವು ಮಾಡ್ಸಿ, ಒಂದು ಹಂಗಾಮು ಬಳಸಿ. ಮಾರೋ ಮಾತು ಆಮೇಲೆ.