ಹನ್ನೊಂದು ಕೈ

ಐದನ್ನು ಐದರಿಂದ ಗುಣಿಸುತ್ತಾ ಹೋಗಿ. 5, 25, 125, 625, 3,125. ಹೀಗೇ ಹನ್ನೊಂದನೆಯ ಮೆಟ್ಟಿಲಿಗೆ ಬಂದರೆ ಸಿಗುವುದು 4,88,28,125. ಈ ಹನ್ನೊಂದೂ ಸಂಖ್ಯೆಗಳನ್ನು ಕೂಡಿ, ಶುರುಮಾಡಿದ ಒಬ್ಬನನ್ನೂ ಸೇರಿಸಿ. ಮೊತ್ತ 6,10,35,156. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6,10,95,297. ಹೊರಗುಳಿದವರು 60,141 ಜನ ಮಾತ್ರ.

ಚಿಕ್ಕಮಗಳೂರು ಜಿಲ್ಲೆ ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ, ನೆಂಟರ ಮನೆಯ ಜಗಲಿಯ ಕೆಂಪು ಗಾರೆ ನೆಲದ ಮೇಲೆ ಸೀಮೆಸುಣ್ಣದಿಂದ ಈ ಲೆಕ್ಕ ಬರೆದಾಗ ಸುತ್ತ ಕೂತಿದ್ದ ಮಕ್ಕಳು ಮೊದಲು ನಂಬಲಿಲ್ಲ. ಫೋನು ತೆಗೆದು ತಾವೇ ಗುಣಿಸಿ ನೋಡಿದರು. ಪತ್ರಿಕೋದ್ಯಮ ಕಲಿಸುವ ನನಗೂ ಮೊದಲ ಸಲ ಹಾಗೆಯೇ ಆಗಿತ್ತು. ಮೂರು ಸಲ ಕೂಡಿ ನೋಡಿದ್ದೆ.

ಗುಣಿಸುವುದಕ್ಕೆ ಐದೇ ಯಾಕೆ? ವಾಟ್ಸ್‌ಆ್ಯಪ್‌ನಲ್ಲಿ ಬಂದ ಮೆಸೇಜನ್ನು ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಕಡೆಗೆ ಕಳಿಸಲಾಗದು. ಆ ಐದರ ಹಿಂದೆ ನಮ್ಮದೇ ರಾಜ್ಯದ ಒಂದು ಸಾವಿದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಜನ ಬಡಿದು ಕೊಂದರು. ಗೆಳೆಯರ ಜೊತೆ ಬಂದಿದ್ದವರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಮಾತು ಫೋನಿನಿಂದ ಫೋನಿಗೆ ಹಾರಿ, ಅವರ ಕಾರಿಗಿಂತ ಮುಂಚೆ ಮುಂದಿನ ಊರು ತಲುಪಿತ್ತು. ಆ ವರ್ಷ ದೇಶದ ಉದ್ದಗಲಕ್ಕೂ ಇಂಥ ಕೊಲೆಗಳಾಗಿದ್ದವು. ಮುರ್ಕಿಯ ಘಟನೆಯಾಗಿ ಆರು ದಿನಕ್ಕೆ, ಭಾರತದಲ್ಲಿ ಐದು ಕಡೆಗಷ್ಟೇ ಫಾರ್ವರ್ಡ್ ಎಂದು ಕಂಪನಿ ಪ್ರಕಟಿಸಿತು. ಮುಂದೆ, 2019ರ ಜನವರಿಯಲ್ಲಿ, ಅದೇ ಐದು ಇಡೀ ಜಗತ್ತಿಗೆ ನಿಯಮವಾಯಿತು.

ಈ ಐದು ಅದಕ್ಕೂ ಮುಂಚೆ ಒಮ್ಮೆ ನಮ್ಮ ರಾಜ್ಯದ ಕಥೆಯಲ್ಲಿ ಬಂದು ಹೋಗಿತ್ತು. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ಹಲ್ಲೆಯಾಗಲಿದೆ ಎಂಬ ಎಸ್ಸೆಮ್ಮೆಸ್ಸುಗಳು ಹರಡಿ, ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಸಾವಿರಾರು ಜನ ಗಂಟುಮೂಟೆಯೊಂದಿಗೆ ಗುವಾಹಟಿಯ ರೈಲಿಗೆ ಕಾದು ನಿಂತಿದ್ದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಆಗ ಕೇಂದ್ರ ಸರ್ಕಾರ ಒಬ್ಬರು ಒಟ್ಟಿಗೆ ಕಳಿಸಬಹುದಾದ ಎಸ್ಸೆಮ್ಮೆಸ್ಸಿಗೆ ಹಾಕಿದ ಮಿತಿಯೂ ಐದೇ. ಆರು ವರ್ಷದ ಅಂತರದಲ್ಲಿ ಎರಡು ಸಲ, ವದಂತಿಗೆ ಕಟ್ಟಿದ ಕಟ್ಟೆಯ ಎತ್ತರ ಒಂದೇ ಆಗಿತ್ತು. ಆದರೂ ಹನ್ನೊಂದು ಕೈ ದಾಟಿದರೆ ಆ ಕಟ್ಟೆಯೊಳಗೆ ಕರ್ನಾಟಕವೇ ಹಿಡಿಸುತ್ತದೆ.

ಇಲ್ಲಿ ಜಾಣ ವಿದ್ಯಾರ್ಥಿ ತಕರಾರು ಎತ್ತುತ್ತಾನೆ, ಎತ್ತಲೇಬೇಕು. ಎಲ್ಲರೂ ಫಾರ್ವರ್ಡ್ ಮಾಡುತ್ತಾರೆಯೇ? ಒಬ್ಬನಿಗೇ ನಾಲ್ಕು ಕಡೆಯಿಂದ ಅದೇ ಮೆಸೇಜು ಬರುವುದಿಲ್ಲವೇ? ಸರಿಯಾದ ಪ್ರಶ್ನೆ. ಆದರೆ ಕಳಿಸುವುದು ಒಬ್ಬೊಬ್ಬರಿಗೇ ಆಗಬೇಕೆಂದಿಲ್ಲ, ಗ್ರೂಪಿಗೂ ಆಗಬಹುದು. 2018ರಲ್ಲಿ ಒಂದು ಗ್ರೂಪಿನಲ್ಲಿ 256 ಜನ ಇರಬಹುದಿತ್ತು, 2022ರ ಕೊನೆಯಿಂದ 1,024. ಐದು ತುಂಬಿದ ಗ್ರೂಪುಗಳಿಗೆ ಒಂದೊಂದಾಗಿ ಹಾಕಿದರೆ 5,115 ಜನ. ಅವರಲ್ಲಿ ಸಾವಿರಕ್ಕೆ ಒಬ್ಬರೇ ಒಬ್ಬರು ಮುಂದೆ ಕಳಿಸಲಿ, ಉಳಿದ 999 ಜನ ಸುಮ್ಮನಿರಲಿ. ಆಗಲೂ ಮುಂದೆ ಕಳಿಸುವವರು ಐದು ಜನ! ಗುಣಾಕಾರ ನಿಲ್ಲುವುದೇ ಇಲ್ಲ. ಹಾಗೆ ಹೋದರೆ ರಾಜ್ಯದ ಜನಸಂಖ್ಯೆ ದಾಟಲು ಹನ್ನೊಂದೂ ಬೇಡ, ಏಳು ಸುತ್ತು ಸಾಕು. ಐದು ಕೈ ದಾಟಿದ ಮೆಸೇಜಿಗೆ ಜೋಡಿ ಬಾಣದ ಗುರುತು ಬಿದ್ದು, ಅದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸುವ ನಿಯಮ 2020ರಲ್ಲಿ ಬಂತು. ಅದರಿಂದ ಅಂಥ ಮೆಸೇಜುಗಳು ಶೇ 70ರಷ್ಟು ತಗ್ಗಿದವು ಎಂದು ಕಂಪನಿ ಹೇಳಿತು. ಒಳ್ಳೆಯದೇ. ಆದರೆ ಮಿತಿ ಇರುವುದು ‘ಒಂದು ಸಲಕ್ಕೆ’. ಐದು ಸಲ ಒತ್ತಲು ಬೆರಳಿಗೆ ಎಷ್ಟು ಹೊತ್ತು ಬೇಕು?

ರಾಜಕೀಯದವರು ಈ ಲೆಕ್ಕವನ್ನು ನಮಗಿಂತ, ಅಂದರೆ ಮೇಷ್ಟ್ರುಗಳಿಗಿಂತ, ಬಹಳ ಮೊದಲೇ ಕಲಿತರು. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಮತದಾರರು ಸುಮಾರು 5.31 ಕೋಟಿ, ಮತಗಟ್ಟೆಗಳು 58,545. ಭಾಗಿಸಿದರೆ ಒಂದು ಮತಗಟ್ಟೆಗೆ ಸುಮಾರು 907 ಮತದಾರರು. ಒಂದು ಗ್ರೂಪಿನ ಮಿತಿ 1,024. ಅಂದರೆ ಒಂದು ಮತಗಟ್ಟೆಯ ಅಷ್ಟೂ ಮತದಾರರು ಒಂದೇ ಗ್ರೂಪಿನಲ್ಲಿ ಕೂರುತ್ತಾರೆ, ಇನ್ನೂ ನೂರು ಜನಕ್ಕೆ ಜಾಗ ಉಳಿಯುತ್ತದೆ. 2018ರ ಚುನಾವಣೆಯ ಹೊತ್ತಿಗೇ ಎರಡು ದೊಡ್ಡ ಪಕ್ಷಗಳು ಸೇರಿ ರಾಜ್ಯದಲ್ಲಿ 20 ಸಾವಿರಕ್ಕೂ ಹೆಚ್ಚು ಗ್ರೂಪು ಕಟ್ಟಿದ್ದಾಗಿ ಹೇಳಿಕೊಂಡಿದ್ದವು. ಹಿಂದೆ ಹೀಗಿರಲಿಲ್ಲ. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರ ಎದುರು ಚಿಕ್ಕಮಗಳೂರಿನಿಂದ ಲೋಕಸಭೆಗೆ ನಿಂತಾಗ ದೇಶವೇ ಈ ಕಡೆ ನೋಡಿತ್ತು. ಆಗ ಮತದಾರನ ಮನೆ ಮುಟ್ಟಲು ಗೋಡೆಗೆ ಬರೆಯಬೇಕಿತ್ತು, ಜೀಪಿಗೆ ಮೈಕು ಕಟ್ಟಬೇಕಿತ್ತು, ಕಾಲು ಸವೆಸಬೇಕಿತ್ತು.

ಸತ್ಯವೂ ಇದೇ ದಾರಿಯಲ್ಲಿ ಓಡಬಹುದಲ್ಲ ಎಂದು ಕೇಳಬಹುದು. ಅಮೆರಿಕದ ಎಂಐಟಿಯ ಮೂವರು ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಿದ ಸುಮಾರು 1,26,000 ಸುದ್ದಿಗಳನ್ನು ಬೆನ್ನಟ್ಟಿ ಲೆಕ್ಕ ಹಾಕಿದರು. 30 ಲಕ್ಷ ಜನ ಅವನ್ನು 45 ಲಕ್ಷಕ್ಕೂ ಹೆಚ್ಚು ಸಲ ಹಂಚಿದ್ದರು. 1,500 ಜನರನ್ನು ಮುಟ್ಟಲು ಸುಳ್ಳಿಗಿಂತ ನಿಜಕ್ಕೆ ಆರು ಪಟ್ಟು ಸಮಯ ಬೇಕಾಗಿತ್ತು. ನಿಜ ಸಾವಿರ ಜನರನ್ನು ದಾಟುವುದೇ ಅಪರೂಪ. ಸುಳ್ಳಿನಲ್ಲಿ ಮೇಲಿನ ನೂರನೇ ಒಂದು ಪಾಲು ಸಾವಿರದಿಂದ ಲಕ್ಷದವರೆಗೆ ಹೋಗುತ್ತಿತ್ತು. ಇದನ್ನು ಮಾಡಿದ್ದು ಯಂತ್ರಗಳೇನೋ ಎಂದು ಅನುಮಾನಿಸಿ ಅವುಗಳ ಖಾತೆಗಳನ್ನು ತೆಗೆದು ನೋಡಿದರೂ ಫಲಿತಾಂಶ ಬದಲಾಗಲಿಲ್ಲ. ಹಂಚಿದ್ದು ಮನುಷ್ಯರೇ.

ಟ್ವಿಟರ್ ಆಗ ತೆರೆದ ಬಯಲಾಗಿತ್ತು, ಸಂಶೋಧಕರು ಎಣಿಸಬಹುದಿತ್ತು. ವಾಟ್ಸ್‌ಆ್ಯಪ್ 2016ರಿಂದ ಪೂರ್ತಿ ಬೀಗ ಹಾಕಿದ ಪೆಟ್ಟಿಗೆ. ಕಳಿಸಿದವರು ಮತ್ತು ಪಡೆದವರನ್ನು ಬಿಟ್ಟು ಕಂಪನಿಗೂ ಒಳಗಿನದು ಕಾಣದು. ಆ ಬೀಗ ಇರಬೇಕು ಎನ್ನುವವನು ನಾನು. ಆದರೆ ಸಂಶೋಧನೆಗೆ ಕೂತಾಗ ಕೈ ಕಟ್ಟಿದಂತಾಗುತ್ತದೆ. 2019ರ ಲೋಕಸಭಾ ಚುನಾವಣೆಯ ಆಸುಪಾಸಿನಲ್ಲಿ ಇಬ್ಬರು ಸಂಶೋಧಕರು, ಯಾರು ಬೇಕಾದರೂ ಸೇರಬಹುದಾದ 5 ಸಾವಿರಕ್ಕೂ ಹೆಚ್ಚು ರಾಜಕೀಯ ಗ್ರೂಪುಗಳಿಗೆ ಸೇರಿಕೊಂಡು ಚಿತ್ರಗಳನ್ನು ಕಲೆಹಾಕಿದರು. ಪರೀಕ್ಷಿಸಿದ ಮಾದರಿಯಲ್ಲಿ ಸುಮಾರು ಶೇ 13 ಚಿತ್ರಗಳು ತಪ್ಪು ಮಾಹಿತಿ. ಅವುಗಳಲ್ಲಿ ಹೊಸದಾಗಿ ತಿದ್ದಿದವಷ್ಟೇ ಅಲ್ಲ, ಎಂದೋ ಎಲ್ಲೋ ತೆಗೆದ ನಿಜವಾದ ಫೋಟೋಕ್ಕೆ ಇಂದಿನ ಕಥೆ ಅಂಟಿಸಿದವೂ ಬಹಳ.

ಪತ್ರಿಕೆಯಲ್ಲಿ ಒಂದು ಸುದ್ದಿ ಅಚ್ಚಾಗುವ ಮುನ್ನ ವರದಿಗಾರ, ಉಪಸಂಪಾದಕ, ಮುಖ್ಯ ಉಪಸಂಪಾದಕ, ಹೀಗೆ ಮೂರು ನಾಲ್ಕು ಕೈ ದಾಟುತ್ತದೆ. ಒಂದೊಂದು ಕೈಗೂ ‘ಇದು ನಿಜವೇ?’ ಎಂದು ಕೇಳುವುದೇ ಕೆಲಸ, ಅದಕ್ಕೇ ಸಂಬಳ. ಈ ಹನ್ನೊಂದು ಕೈಗಳಿಗೆ ಆ ಕೆಲಸವನ್ನು ಯಾರೂ ಕೊಟ್ಟಿಲ್ಲ, ಕಲಿಸಿಯೂ ಇಲ್ಲ. ನಾವು ಪತ್ರಿಕೋದ್ಯಮವನ್ನು ವಿಶ್ವವಿದ್ಯಾಲಯದ ಒಂದೊಂದು ವಿಭಾಗದಲ್ಲಿ ಕೆಲವೇ ಮಕ್ಕಳಿಗೆ ಕಲಿಸುತ್ತಿದ್ದೇವೆ. ರಾಗಿ ಹೊಲ, ತೆಂಗಿನ ತೋಟ, ತಿಪಟೂರು ಮಾರುಕಟ್ಟೆಯ ಕೊಬ್ಬರಿ ರೇಟು ಎಂದು ಬದುಕುವ ಈ ಬಯಲುಸೀಮೆಯಲ್ಲಿ ‘ನಾಳೆ ರೇಟು ಬೀಳುತ್ತದಂತೆ’ ಎಂಬ ಒಂದು ಸಾಲು ಮನೆಯ ವರ್ಷದ ಲೆಕ್ಕವನ್ನೇ ಏರುಪೇರು ಮಾಡಬಲ್ಲದು. ಕಲಿಸಬೇಕಾದದ್ದು ಇಂಥ ಜಗಲಿಗಳಲ್ಲಿ ಎಂದು ನಾನು ಪಂಚನಹಳ್ಳಿಗೆ ಸೀಮೆಸುಣ್ಣ ತಂದದ್ದು.

ಹಿಂದೆ ಕೂತಿದ್ದ ಹುಡುಗಿಯೊಬ್ಬಳು ಕೇಳಿದಳು, “ಸಾರ್, ಎರಡನೇ ಮೆಟ್ಟಿಲಲ್ಲಿ 25 ಜನ ಇದಾರಲ್ಲ, ಅವರಲ್ಲಿ ಒಬ್ಬರು ಕಳಿಸದೆ ಬಿಟ್ರೆ?”

ಲೆಕ್ಕ ಹಾಕಮ್ಮ, ಎಂದು ಸೀಮೆಸುಣ್ಣ ಕೊಟ್ಟೆ. ಹಾಕಿದಳು. ಆ ಒಬ್ಬರಿಂದ ಮುಂದಕ್ಕೆ ಮೆಸೇಜು ಮುಟ್ಟದೆ ಉಳಿಯುವವರು 24,41,405 ಜನ. ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಎಂದಳು. 2011ರ ಪ್ರಕಾರ 11,37,961 ಎಂದೆ. ಪಕ್ಕದಲ್ಲಿ ಬರೆದು ಕಳೆದಳು. ಬಂದದ್ದರಿಂದ ಇನ್ನೊಂದು ಸಲ ಕಳೆದಳು. ಆಮೇಲೂ ನೆಲದ ಮೇಲೆ 1,65,483 ಉಳಿದಿತ್ತು.