ದಿಕ್ಕುಗೆಟ್ಟವರಿಗೆ ನಮ್ಮ ಎರಡು ನುಡಿಗಳ ನೆರವು

ಸೇಲಂ–ಬೆಂಗಳೂರು ಹೆದ್ದಾರಿಯ ಆಸುಪಾಸಿನಲ್ಲಿ, ನಮ್ಮ ಕಡಯಂಪಟ್ಟಿಯ ಕಡೆಯೂ, ತಮ್ಮ ಊರು ಹೆಸರು ಹೇಳಲಾರದೆ ಅಲೆಯುವವರನ್ನು ನಾವು ಕಂಡಿದ್ದೇವೆ. ಇಂಥವರ ಆರೈಕೆಗಾಗಿ ಬೆಂಗಳೂರಿನ ದೊಡ್ಡಗುಬ್ಬಿಯಲ್ಲಿ ನ್ಯೂ ಆರ್ಕ್ ಮಿಷನ್ ಎಂಬ ಕ್ರೈಸ್ತ ಸೇವಾಸಂಸ್ಥೆಯಿದೆ. ‘ಆಟೋ ರಾಜ’ ಎಂದೇ ಹೆಸರಾದ ಆಟೋ ಚಾಲಕ ಟಿ. ರಾಜಾ ಅವರು 1997ರಲ್ಲಿ ಇದನ್ನು ಆರಂಭಿಸಿದರು.

ಇಂತಹ ಆಶ್ರಯಧಾಮಗಳಲ್ಲಿ ಸ್ವಯಂಸೇವಕರ ಕೆಲಸವೇನು? ಸ್ನಾನ ಮಾಡಿಸುವುದು, ಕೂದಲು ಕತ್ತರಿಸುವುದು, ಊಟ ಬಡಿಸುವುದು. ಇವೆಲ್ಲಕ್ಕೂ ಮಿಗಿಲಾಗಿ, ತಾಳ್ಮೆಯಿಂದ ಮಾತು ಕೇಳುವುದು. ಮನಸ್ಸು ಕದಡಿದವರೂ ತಾಯ್ನುಡಿ ಕಿವಿಗೆ ಬಿದ್ದಾಗ ಊರ ಜಾತ್ರೆಯನ್ನೋ ಅಣ್ಣನ ಹೆಸರನ್ನೋ ನೆನೆಯುವುದುಂಟು. ಮನೆಯ ದಾರಿ ಅಲ್ಲಿಂದಲೇ ತೆರೆಯಬಹುದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡಿ ಬೆಳೆದ ನಮ್ಮವರಿಗೆ ಈ ಸೇವೆಯ ಅರ್ಹತೆ ಆಗಲೇ ಇದೆ.

ನಮ್ಮೂರಿನಲ್ಲಿ ಅಂಥವರು ಕಂಡರೆ ಏನು ಮಾಡಬೇಕು? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೆಯ ಕಲಮಿನಂತೆ, ಮನೋರೋಗದಿಂದ ಅಲೆಯುವವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ಬಂಧುಗಳನ್ನು ಹುಡುಕುವುದೂ ಅವರ ಹೊಣೆ. ಆದ್ದರಿಂದ ಪೋಷಕರೇ, 112ಕ್ಕೆ ಕರೆ ಮಾಡಿ, ಪೊಲೀಸರು ಬರುವವರೆಗೆ ಜೊತೆಯಲ್ಲಿರೋಣ. ಚಿತ್ರ ತೆಗೆದು ಹಂಚುವುದು ಬೇಡ. ಎರಡೂ ನುಡಿಗಳಲ್ಲಿ ಅವರ ಹೆಸರನ್ನು ಕೇಳೋಣ.